ನನ್ನ ಜಿಮ್ ಟೈಮ್ ಯಾರ ಲೆಕ್ಕದಿಂದ ಹೋಗ್ತಿತ್ತು?

ಹೋದ ತಿಂಗಳು ಬೆಳಗಿನ ಅಭ್ಯಾಸಗಳ ಬಗ್ಗೆ ಒಂದು ಸಂಚಿಕೆ ಮಾಡಿದ್ದೆ, ನೆನಪಿದೆಯಾ? ಅದು ಬಂದ ಮೇಲೆ ನನಗೆ ಬಂದ ಮೆಸೇಜ್‌ಗಳಲ್ಲಿ ಅರ್ಧಕ್ಕರ್ಧ ಒಂದೇ ಥರ ಇದ್ದವು. ಒಬ್ಬರು ಬರೆದಿದ್ರು: "ಬ್ರೋ, ನಾನು ಕುಡಿಯಲ್ಲ, ಸಿಗರೇಟ್ ಸೇದಲ್ಲ, ಬೆಳಿಗ್ಗೆ ಐದಕ್ಕೆ ಎದ್ದು ಜಿಮ್‌ಗೆ ಹೋಗ್ತೀನಿ. ಒಳ್ಳೇ ಅಭ್ಯಾಸ ತಾನೇ? ಆದ್ರೂ ಹೆಂಡತಿ ಮುಖ ಊದಿಸ್ಕೊಂಡೇ ಇರ್ತಾಳೆ. ಏನು ಮಾಡ್ಲಿ?"

ಇದಕ್ಕೆ ಟಿಪ್ಸ್ ಕೊಡೋಣ ಅಂತ ಐದು ಪಾಯಿಂಟ್ ಬರ್ಕೊಂಡೂ ಆಗಿತ್ತು. ರಾತ್ರಿ ನನ್ನ ಹೆಂಡತಿಗೆ ತೋರಿಸ್ದೆ. ಪೂರ್ತಿ ಓದಿದ್ಲು, ಫೋನ್ ವಾಪಸ್ ಕೊಟ್ಲು. "ನೋಡಪ್ಪಾ, ಊರಿಗೆಲ್ಲ ಬುದ್ಧಿ ಹೇಳೋ ಮುಂಚೆ ನಿನ್ ಕಥೆ ಹೇಳು" ಅಂದ್ಲು. ನಮ್ಮದು ಮನೆಯವರು ನೋಡಿ ಮಾಡಿದ ಮದುವೆ. ಮಾಮೂಲಿ ದಿನಗಳಲ್ಲಿ ಅವಳು ನನ್ನನ್ನ 'ರೀ' ಅಂತಾಳೆ. 'ನೋಡಪ್ಪಾ' ಬಂತು ಅಂದ್ರೆ ವಿಷಯ ಸೀರಿಯಸ್ಸು.

ಹಾಗಾಗಿ ಈ ಸಂಚಿಕೆ. ಇವತ್ತು ಅತಿಥಿಗಳು ಯಾರೂ ಇಲ್ಲ, ನಾನೊಬ್ಬನೇ ಮಾತಾಡೋದು. ಬರೆದಿದ್ದನ್ನ ಅವಳು ಮೊದಲೇ ಓದಿದಾಳೆ. ಎರಡು ಸಾಲು ತೆಗೆಸಿದಾಳೆ. ಯಾವುದು ಅಂತ ಕೇಳಬೇಡಿ. ಒಂದು ವಿಷಯ ನಾನು ಬಿಟ್ಟಿದ್ದೆ, ಅದನ್ನ ಸೇರಿಸಿ ಅಂದಿದಾಳೆ, ಅದು ಮುಂದೆ ಬರುತ್ತೆ.

ಹೊಸದಾಗಿ ಕೇಳ್ತಿರೋರಿಗೆ ನನ್ನ ಪರಿಚಯ ಚಿಕ್ಕದಾಗಿ. ನಾನು ಮೈಸೂರಿನವನು, ಬಿ.ಕಾಂ. ಓದಿದೀನಿ. ಹಗಲು ಒಬ್ಬ ಆಡಿಟರ್ ಹತ್ರ ಕೆಲಸ, ಪ್ರತಿ ತಿಂಗಳು 11ನೇ ತಾರೀಖು, 20ನೇ ತಾರೀಖು ಬಂತು ಅಂದ್ರೆ ಜಿಎಸ್‌ಟಿ ರಿಟರ್ನ್ಸ್ ಬಿಟ್ಟು ಬೇರೆ ಪ್ರಪಂಚ ಇರಲ್ಲ. ರಾತ್ರಿ ಈ ಪಾಡ್‌ಕಾಸ್ಟು. ಹೆಂಡತಿ ಒಂದು ಪ್ರೈವೇಟ್ ಹೈಸ್ಕೂಲಲ್ಲಿ ಮ್ಯಾಥ್ಸ್ ಟೀಚರ್. ಅಮ್ಮ ನಮ್ಮ ಜೊತೆ ಇದಾರೆ. ಅಪ್ಪ ಇಲ್ಲ. ನಾನು ಡಿಗ್ರಿ ಕೊನೇ ವರ್ಷದಲ್ಲಿದ್ದಾಗ ಹಾರ್ಟ್ ಅಟ್ಯಾಕ್ ಆಗಿ ಹೋದರು. ಆಗ ಅವರಿಗೆ 53. ಸಣ್ಣ ದಿನಸಿ ಅಂಗಡಿ ಇತ್ತು ನಮ್ಮದು. ಬೆಳಿಗ್ಗೆ ಅಂಗಡಿ ಬಾಗಿಲು ತೆಗೆಯೋಕೆ ಅಂತ ಹೋದವರು ಮಧ್ಯಾಹ್ನ ಊಟಕ್ಕೆ ಬರ್ಲಿಲ್ಲ.

ಇದನ್ನ ಯಾಕೆ ಹೇಳ್ತಿದೀನಿ ಅಂದ್ರೆ, ನಾನು ಜಿಮ್‌ಗೆ ಹೋಗಿದ್ದು ರೀಲ್ಸ್ ನೋಡಿ ಅಲ್ಲ. ಮದುವೆ ಆದ ಮೇಲೆ ಬೀಗರೂಟ, ಆ ಚಿಕ್ಕಪ್ಪನ ಮನೆ ಊಟ, ಈ ಅತ್ತೆ ಮನೆ ಊಟ ಅಂತ 14 ತಿಂಗಳಲ್ಲಿ 71 ಕೆಜಿ ಇದ್ದವನು 84 ಆದೆ. ಒಂದು ದಿನ ಶೇವ್ ಮಾಡ್ಕೊಳ್ತಾ ಕನ್ನಡಿ ನೋಡಿದ್ರೆ ಅಲ್ಲಿ ಅಪ್ಪನ ಮುಖ. ಅದೇ ಕೆನ್ನೆ, ಅದೇ ಕತ್ತು. ಹೆದರಿಕೆ ಆಯ್ತು. ಆ ವಾರವೇ ಹೋಗಿ ಒಂದು ವರ್ಷದ ಫೀಸ್ ಕಟ್ಟಿಬಿಟ್ಟೆ. ಒಟ್ಟಿಗೆ ಕಟ್ಟಿದ್ರೆ ಡಿಸ್ಕೌಂಟ್ ಇತ್ತು. ಕಾಮರ್ಸ್ ಓದಿದವರು ಡಿಸ್ಕೌಂಟ್ ಬಿಡಲ್ಲ.

ಮೊದಲ ಮೂರು ತಿಂಗಳು ಮನೇಲಿ ಎಲ್ಲರಿಗೂ ಖುಷಿನೇ. ಅಮ್ಮ ಬಾದಾಮಿ ನೆನೆಹಾಕೋರು. ಹೆಂಡತಿ ನನ್ನ ಹಳೇ ಪ್ಯಾಂಟ್‌ಗಳನ್ನ ಮತ್ತೆ ಬೀರುವಿಂದ ತೆಗೆದುಕೊಟ್ಲು. ಅದಾದ ಮೇಲೆ ನನಗೆ ಅದರ ಹುಚ್ಚು ಹಿಡೀತು. ಕೈಗೆ ವಾಚ್ ಬಂತು, ಹೆಜ್ಜೆ, ನಿದ್ದೆ, ಎದೆಬಡಿತ ಎಲ್ಲ ಎಣಿಸೋದು. ಹಾಫ್ ಮ್ಯಾರಥಾನ್ ಓಡ್ತೀನಿ ಅಂತ ಫ್ರೆಂಡ್ಸ್ ಜೊತೆ ಹೆಸರು ಕೊಟ್ಟೆ, 21 ಕಿಲೋಮೀಟರು. 4:50ಕ್ಕೆ ಅಲಾರಂ. ವಾರದಲ್ಲಿ ಐದು ದಿನ ಜಿಮ್, ಭಾನುವಾರ ಚಾಮುಂಡಿ ಬೆಟ್ಟದ ಮೆಟ್ಟಿಲು ಇಲ್ಲಾಂದ್ರೆ ಲಾಂಗ್ ರನ್, ಅದಾದ ಮೇಲೆ ಗ್ಯಾಂಗ್ ಜೊತೆ ಇಡ್ಲಿ, ಕಾಫಿ. ಶನಿವಾರ ರೆಸ್ಟ್ ಡೇ. ರೆಸ್ಟ್ ಡೇ ಅಂದ್ರೆ ನಾನು ಮಲಗೋ ದಿನ, ಮನೇಲಿ ಬೇರೆ ಯಾರಿಗೂ ಅಲ್ಲ.

ಊಟ ಬೇರೆ ಆಯ್ತು. ಅನ್ನ ಬಿಟ್ಟೆ, ಮುದ್ದೆ ಬಿಟ್ಟೆ. ಮಂಡ್ಯ ಕಡೆ ಬೇರಿರೋ ಮನೇಲಿ ಮುದ್ದೆ ಬಿಡೋದು ಅಂದ್ರೆ ಅಮ್ಮನಿಗೆ ಹೆಚ್ಚುಕಮ್ಮಿ ಅವಮಾನ. ದಿನಕ್ಕೆ ಆರು ಮೊಟ್ಟೆ, ಅದ್ರಲ್ಲಿ ಎರಡಕ್ಕೆ ಮಾತ್ರ ಹಳದಿ. ಸೋಮವಾರ, ಶನಿವಾರ ನಮ್ಮನೇಲಿ ಮೊಟ್ಟೆ ಮುಟ್ಟಲ್ಲ, ಆ ದಿನ ಪನೀರು, ಇಲ್ಲ ಹುರುಳಿಕಾಳು ಉಸ್ಲಿ. ನಾನು ಇದನ್ನೆಲ್ಲ ಫೋನ್‌ನಲ್ಲಿ ಒಂದು ಪಟ್ಟಿ ಮಾಡಿ ಕಳಿಸಿದ್ದೆ. ಯಾರಿಗೆ ಕಳಿಸಿದ್ದೆ ಅಂತ ಗೊತ್ತಾಯ್ತಲ್ಲ.

ರಾತ್ರಿ 9:30ಕ್ಕೆ ಲೈಟ್ ಆಫ್. ಮದುವೆ ಆದ ಹೊಸತರಿಂದ ನಮ್ಮದೊಂದು ಅಭ್ಯಾಸ ಇತ್ತು. ಊಟ ಆದ ಮೇಲೆ ಬೀದಿ ಕೊನೇ ತನಕ ಒಂದು ರೌಂಡ್ ಹೋಗಿ ಬರೋದು. ಅಷ್ಟೇ, ಇಪ್ಪತ್ತು ನಿಮಿಷ. ಅವಳ ಸ್ಕೂಲ್ ಕಥೆ, ನನ್ನ ಆಫೀಸ್ ಕಥೆ, ಎದುರು ಮನೆ ನಾಯಿ ಕಥೆ. ಅಮ್ಮ ಇರೋ ಮನೇಲಿ ಗಂಡ ಹೆಂಡತಿ ಇಬ್ಬರೇ ಮಾತಾಡೋಕೆ ಅಂತ ಇದ್ದ ಜಾಗ ಅದೊಂದೇ. ನನ್ನ ನಿದ್ದೆಯ ಸ್ಕೋರ್ ಸರಿ ಬರ್ತಿಲ್ಲ ಅಂತ ಅದನ್ನ ನಿಲ್ಲಿಸಿದೆ. ನಿಲ್ಲಿಸ್ತೀನಿ ಅಂತ ಹೇಳಲೂ ಇಲ್ಲ. ಎರಡು ದಿನ ಅವಳು ಚಪ್ಪಲಿ ಹಾಕ್ಕೊಂಡು ಬಾಗಿಲ ಹತ್ರ ನಿಂತಿದ್ಲು, ಮೂರನೇ ದಿನದಿಂದ ನಿಲ್ಲಲಿಲ್ಲ. ಇದು ನನಗೆ ಆಗ ಕಂಡೇ ಇರ್ಲಿಲ್ಲ. ಅವಳು ಆಮೇಲೆ ಹೇಳಿದ್ದು.

ಈಗ ಚಾಮುಂಡಿ ಬೆಟ್ಟದ ವಿಷಯಕ್ಕೆ ಬರ್ತೀನಿ. ಮೈಸೂರಿನವರಿಗೆ ಹೇಳೋದು ಬೇಡ. ಹೊರಗಿನವರಿಗೆ ಹೇಳ್ತೀನಿ, ಸಾವಿರಕ್ಕೂ ಮೇಲೆ ಮೆಟ್ಟಿಲು, ಮುಕ್ಕಾಲು ದಾರಿ ಹತ್ತಿದ ಹತ್ರ ದೊಡ್ಡ ನಂದಿ. ಹರಕೆ ಹೊತ್ತ ಹೆಂಗಸರು ಒಂದೊಂದು ಮೆಟ್ಟಿಲಿಗೂ ಬಗ್ಗಿ ಅರಿಶಿನ ಕುಂಕುಮ ಹಚ್ಕೊಂಡು ಹತ್ತುತಾರೆ. ಅವರ ಪಕ್ಕದಲ್ಲೇ ನಮ್ಮಂಥವರು ವಾಚ್ ನೋಡ್ಕೊಂಡು ಓಡ್ತೀವಿ.

ಒಂದು ಭಾನುವಾರ ಹೆಂಡತೀನ ಬಲವಂತ ಮಾಡಿ ಕರ್ಕೊಂಡು ಹೋದೆ. 'ಕಪಲ್ ವರ್ಕೌಟ್' ಅಂತ ನನ್ನ ಮನಸ್ಸಲ್ಲಿ. ಸುಮಾರು ಇನ್ನೂರು ಮೆಟ್ಟಿಲು ಆಗಿರಬೇಕು, ಅವಳು ಕೂತುಬಿಟ್ಲು. ಉಸಿರು ಮೇಲೆ ಕೆಳಗೆ. "ನೀವು ಹೋಗಿ, ನಾನು ಇಲ್ಲೇ ಇರ್ತೀನಿ" ಅಂದ್ಲು. ನಾನು ಏನು ಹೇಳ್ದೆ ಗೊತ್ತಾ? "ನಿನಗೆ ಸ್ಟ್ಯಾಮಿನಾನೇ ಇಲ್ಲ ಕಣೇ. ಡಿಸಿಪ್ಲಿನ್ ಇಲ್ಲದೇ ಇದ್ರೆ ಹೀಗೇ ಆಗೋದು." ಹೇಳಿ ಹತ್ತಿಕೊಂಡು ಹೋದೆ. ತುದಿ ಮುಟ್ಟಿ ವಾಪಸ್ ಬರೋ ಹೊತ್ತಿಗೆ ಮುಕ್ಕಾಲು ಗಂಟೆ ಮೇಲಾಗಿತ್ತು. ಅವತ್ತು ನನ್ನ ಬೆಸ್ಟ್ ಟೈಮಿಂಗು. ಕೆಳಗೆ ಬಂದು ನೋಡಿದ್ರೆ, ಕುಂಕುಮ ಹಚ್ತಿದ್ದ ಒಬ್ಬರು ಅಮ್ಮ ತಮ್ಮ ಪೂಜೆ ನಿಲ್ಲಿಸಿ ಇವಳ ಪಕ್ಕ ಕೂತು ನೀರು ಕುಡಿಸ್ತಾ ಇದ್ರು. ನನ್ನನ್ನ ನೋಡಿ, "ಜೊತೇಲಿ ಬಂದೋರು ನೀವೇನಪ್ಪಾ?" ಅಂದ್ರು. ಹೂಂ ಅಂದೆ. ಅವರು ಬೇರೇನೂ ಹೇಳ್ಲಿಲ್ಲ, ತಟ್ಟೆ ತಗೊಂಡು ಮುಂದಿನ ಮೆಟ್ಟಿಲಿಗೆ ಹೋದ್ರು.

ಅದಾಗಿ ಮೂರು ವಾರಕ್ಕೆ ಸ್ಕೂಲಲ್ಲಿ ಬೋರ್ಡ್ ಮುಂದೆ ನಿಂತಿದ್ದಾಗ ತಲೆ ಸುತ್ತಿ ಟೇಬಲ್ ಹಿಡ್ಕೊಂಡಳಂತೆ. ಜೊತೆ ಟೀಚರ್ ಒಬ್ಬರು ಬಲವಂತವಾಗಿ ಕ್ಲಿನಿಕ್‌ಗೆ ಕರ್ಕೊಂಡು ಹೋಗಿ ರಕ್ತ ಪರೀಕ್ಷೆ ಮಾಡ್ಸಿದ್ರು. ಹಿಮೋಗ್ಲೋಬಿನ್ 8.4. ಗರ್ಭಿಣಿಯಲ್ಲದ ಹೆಂಗಸರಿಗೆ ಕನಿಷ್ಠ 12 ಇರ್ಬೇಕು. ಮಾರನೇ ದಿನ ಡಾಕ್ಟ್ರ ಹತ್ರ ಇಬ್ಬರೂ ಹೋದ್ವಿ. ಅವರು ನನ್ನ ಕಡೆ ತಿರುಗಿ ಕೇಳಿದ್ರು, ಎಷ್ಟು ದಿನದಿಂದ ಸುಸ್ತು ಅಂತಿದಾರೆ? ಗೊತ್ತಿಲ್ಲ. ಮೆಟ್ಟಿಲು ಹತ್ತಿದ್ರೆ ಉಸಿರು ಕಟ್ಟುತ್ತಾ? ಅದು ಗೊತ್ತಿತ್ತು, ಬೇರೆ ಹೆಸರಿಟ್ಟಿದ್ದೆ ಅಷ್ಟೇ. ಮುಟ್ಟಿನಲ್ಲಿ ರಕ್ತಸ್ರಾವ ಜಾಸ್ತಿ ಇದೆಯಾ? ನಾನು ಅವಳ ಮುಖ ನೋಡ್ದೆ. ಎಂಟು ತಿಂಗಳಿಂದ ಇದೆ ಅಂತ ಅವಳೇ ಹೇಳಿದ್ಲು.

ನಾನು ಬಿಟ್ಟಿದ್ದ ವಿಷಯ ಇದೇ. ಹೆಂಗಸರ ವಿಷಯ, ಮೈಕ್ ಮುಂದೆ ಬೇಡ ಅಂತ ಬಿಟ್ಟಿದ್ದೆ. "ಹೇಳಿ, ಕೇಳೋ ಹೆಣ್ಮಕ್ಕಳಲ್ಲಿ ಒಬ್ಬರು ಹೋಗಿ ಟೆಸ್ಟ್ ಮಾಡಿಸ್ಕೊಂಡ್ರೂ ಸಾಕು" ಅಂದ್ಲು. ನಾನು ಡಾಕ್ಟ್ರಲ್ಲ, ಆದ್ರೆ ಒಂದು ಸರ್ಕಾರಿ ಅಂಕಿ ಹೇಳ್ತೀನಿ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ನಮ್ಮ ದೇಶದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ 57 ಜನಕ್ಕೆ ರಕ್ತಹೀನತೆ ಇದೆ. ಗಂಡಸರಲ್ಲಿ 25. ಅಂದ್ರೆ ಈಗ ಇದನ್ನ ಕೇಳ್ತಾ ಟ್ರೆಡ್‌ಮಿಲ್ ಮೇಲೆ ಇರೋ ಅಣ್ಣಂದಿರೇ, ನಿಮ್ಮ ಮನೇಲಿ ಬೆಳಿಗ್ಗೆ ಎದ್ದು ನಿಮಗೆ ಮೊಟ್ಟೆ ಬೇಯಿಸ್ತಿರೋರಿಗೆ ರಕ್ತ ಕಮ್ಮಿ ಇರೋ ಸಾಧ್ಯತೆ ಇಲ್ಲದಿರೋ ಸಾಧ್ಯತೆಗಿಂತ ಜಾಸ್ತಿ.

ಕ್ಲಿನಿಕ್‌ನಿಂದ ಹೊರಗೆ ಬಂದು ಸ್ಕೂಟರ್ ಹತ್ರ ನಿಂತಿದ್ವಿ. ನನ್ನ ವಾಚು ಆಗಲೇ ಕಿರ್ ಅಂತು, ಎದ್ದು ಓಡಾಡಿ ಅಂತ. ನನ್ನ ವಿಶ್ರಾಂತಿ ಹೊತ್ತಿನ ಎದೆಬಡಿತ 58 ಅಂತ ನನಗೆ ಗೊತ್ತು. ಹೋದ ಮಂಗಳವಾರ ಎಷ್ಟು ಗಂಟೆ ಗಾಢ ನಿದ್ದೆ ಬಂತು ಅಂತ ಗೊತ್ತು. ಪಕ್ಕದಲ್ಲಿ ಮಲಗೋಳಿಗೆ ಎಂಟು ತಿಂಗಳಿಂದ ಏನಾಗ್ತಿದೆ ಅಂತ ಗೊತ್ತಿಲ್ಲ.

ಅವತ್ತು ರಾತ್ರಿ ಜಗಳ ಆಯ್ತು. ಜಗಳ ಶುರು ಮಾಡಿದ್ದು ನಾನೇ. ತಪ್ಪು ನಮ್ಮದಾಗಿದ್ದಾಗ ಜೋರಾಗಿ ಮಾತಾಡ್ತೀವಲ್ಲ, ಹಾಗೆ. "ನನಗೆ ಯಾಕೆ ಮೊದಲೇ ಹೇಳ್ಲಿಲ್ಲ?" ಅಂತ ಕೂಗಾಡ್ದೆ. "ಯಾವಾಗ ಹೇಳ್ಬೇಕಿತ್ತು? ನೀವು ಎದ್ದಾಗ ನಾನು ಮಲಗಿರ್ತೀನಿ, ನಾನು ಮಲಗೋಕೆ ಬಂದಾಗ ನೀವು ಮಲಗಿರ್ತೀರ" ಅಂದ್ಲು. ನಾನು ನನ್ನ ಬ್ರಹ್ಮಾಸ್ತ್ರ ತೆಗೆದೆ. ಅಪ್ಪನ ವಿಷಯ. "ನಾನೇನು ಶೋಕಿಗೆ ಓಡ್ತಿದೀನಾ? ಅಪ್ಪನ ಥರ 53ಕ್ಕೆ ಹೋಗ್ಬಾರದು ಅಂತ ಓಡ್ತಿರೋದು. ನಿನಗೋಸ್ಕರಾನೇ ಅಲ್ವಾ?"

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ಲು. ಆಮೇಲೆ ಕೇಳಿದ್ಲು, "ನಾನು ಅತ್ತೆ ಥರ ಒಬ್ಬಳೇ ಆಗ್ಬಾರದು ಅಂತ ತಾನೇ? ಈಗ ಮಾತ್ರ ನಾನು ಯಾರ ಜೊತೆ ಇದೀನಿ?"

ಇದಕ್ಕೆ ನನ್ನ ಹತ್ರ ಉತ್ತರ ಇರ್ಲಿಲ್ಲ.

ನಿದ್ದೆ ಬರಲಿಲ್ಲ. ನನಗೆ ಗೊತ್ತಿರೋದು ಒಂದೇ ವಿದ್ಯೆ, ಲೆಕ್ಕ. ಮಾರನೇ ದಿನದಿಂದ ಒಂದು ವಾರ ಡೈರಿಯ ಹಿಂದಿನ ಪುಟದಲ್ಲಿ ಬರೆದೆ, ಮನೇಲಿ ಯಾರ ಹೊತ್ತು ಎಲ್ಲಿಗೆ ಹೋಗ್ತಿದೆ ಅಂತ. ವಾರಕ್ಕೆ 168 ಗಂಟೆ, ಅದು ಎಲ್ಲರಿಗೂ ಒಂದೇ. ನನ್ನದು: ಜಿಮ್‌ಗೆ ಹೋಗಿ ಬರೋದು, ಸ್ಟ್ರೆಚಿಂಗ್, ಸ್ನಾನ ಎಲ್ಲ ಸೇರಿ ದಿನಕ್ಕೆ ಎರಡೂಕಾಲು ಗಂಟೆ, ಐದು ದಿನಕ್ಕೆ ಹನ್ನೊಂದೂಕಾಲು. ಭಾನುವಾರ ಇಡ್ಲಿ ಕಾಫಿ ಸೇರಿ ನಾಲ್ಕು. ಒಟ್ಟು ಹದಿನೈದೂಕಾಲು ಗಂಟೆ. ಅವಳದ್ದೂ ಕೂರಿಸ್ಕೊಂಡು ಬರೆದೆ. ಅಡುಗೆ ಎರಡು ಥರ, ಅಮ್ಮನ ಬಿಪಿ ಮಾತ್ರೆ, ನೀರು ಬಿಟ್ಟಾಗ ಸಂಪು ತುಂಬಿಸೋದು, ಸ್ಕೂಲು, ಬಸ್ಸು, ನೋಟ್ಸ್ ಕರೆಕ್ಷನ್ನು, ಬಟ್ಟೆ, ಅದ್ರಲ್ಲಿ ಬೆವರಿನ ವಾಸನೆ ಹೊಡೆಯೋ ನನ್ನ ಟೀ ಶರ್ಟ್‌ಗಳಿಗೆ ಬೇರೆ ಬಕೆಟ್ಟು. ಕೆಲಸ ಇಲ್ಲದೇ, ತನಗೆ ಅಂತ ಅವಳಿಗೆ ಇಡೀ ವಾರದಲ್ಲಿ ಸಿಕ್ಕಿದ್ದು 1 ಗಂಟೆ 40 ನಿಮಿಷ. ಅದ್ರಲ್ಲೂ ಸುಮಾರು ಮುಕ್ಕಾಲು ಗಂಟೆ ಬಸ್ಸಲ್ಲಿ ಕಿಟಕಿ ಸೀಟ್ ಸಿಕ್ಕಿದ್ದು.

ಬಿ.ಕಾಂ. ಮೊದಲ ವರ್ಷದಲ್ಲೇ ಹೇಳಿಕೊಟ್ಟಿದ್ರು, ಪ್ರತಿ ಡೆಬಿಟ್‌ಗೂ ಒಂದು ಕ್ರೆಡಿಟ್ ಇರುತ್ತೆ ಅಂತ. ನನ್ನ ಹದಿನೈದು ಗಂಟೆ ಆಕಾಶದಿಂದ ಬಿದ್ದಿರಲಿಲ್ಲ. 'ಇದು ನನ್ನ ಟೈಮು, ನಾನು ಬೇಗ ಎದ್ದು ಸಂಪಾದಿಸಿದ ಟೈಮು' ಅಂತ ಅಂದ್ಕೊಂಡಿದ್ದೆ. ಐದರಿಂದ ಏಳೂಕಾಲು ಅಂದ್ರೆ ಮನೇಲಿ ಹಾಲು, ನೀರು, ತಿಂಡಿ, ಡಬ್ಬಿ ಎಲ್ಲ ನಡೆಯೋ ಹೊತ್ತು. ಅದರಿಂದ ನಾನು ಎದ್ದು ಹೋದ್ರೆ ಆ ಕೆಲಸ ನಿಲ್ಲಲ್ಲ, ಪಕ್ಕದವರ ಖಾತೆಗೆ ಹೋಗುತ್ತೆ.

ನಮ್ಮನೇದು ವಿಶೇಷ ಅಂತ ಅಲ್ಲ. ಕೇಂದ್ರ ಸರ್ಕಾರದವರು ಜನ ದಿನವನ್ನ ಹೇಗೆ ಕಳೀತಾರೆ ಅಂತ ಸಮೀಕ್ಷೆ ಮಾಡ್ತಾರೆ. 2024ರದ್ದರಲ್ಲಿ, ಸಂಬಳ ಇಲ್ಲದ ಮನೆಗೆಲಸ ಮಾಡೋರನ್ನ ಮಾತ್ರ ಲೆಕ್ಕಕ್ಕೆ ತಗೊಂಡ್ರೆ, ಹೆಂಗಸರು ದಿನಕ್ಕೆ 289 ನಿಮಿಷ, ಗಂಡಸರು 88 ನಿಮಿಷ. ನೆನಪಿರಲಿ, ಈ 88 ಮನೆಗೆಲಸಕ್ಕೆ ಕೈ ಹಾಕೋ ಗಂಡಸರದ್ದು. ನಾನು ಆಗ ಆ ಲೆಕ್ಕದೊಳಗೂ ಇರ್ಲಿಲ್ಲ.

ಇದನ್ನೆಲ್ಲ ಒಂದು ದಿನ ನಮ್ಮ ಅಜ್ಜಿ ಹತ್ರ ಹೇಳ್ದೆ. ಅಜ್ಜಿಗೆ ಎಂಬತ್ತು ದಾಟಿದೆ, ಚಿಕ್ಕಪ್ಪನ ಮನೇಲಿದಾರೆ. ನಮ್ಮ ತಾತ ಪೈಲ್ವಾನ್. ಮೈಸೂರಲ್ಲಿ ಬೀದಿ ಬೀದಿಗೂ ಗರಡಿ ಮನೆ ಇದ್ದ ಕಾಲ, ಈಗಲೂ ಸುಮಾರು ಉಳ್ಕೊಂಡಿವೆ. ತಾತ ದಸರಾ ಕುಸ್ತಿಲಿ ಹಿಡಿದವರು. ಚಿಕ್ಕಂದಿನಿಂದ ನನಗೆ ಅವರ ಕಥೆ ಅಂದ್ರೆ ಕೆಂಪು ಮಣ್ಣು, ಸಾಮು, ದಂಡ, ಬೈಠಕ್, ತಲೆಗೆ ಕಟ್ಟಿದ ಪೇಟ. ನಾನು ಜಿಮ್ ಸೇರಿದಾಗ ಎಲ್ಲರೂ 'ತಾತನ ರಕ್ತ' ಅಂತ ಹೊಗಳಿದ್ರು. ಅಜ್ಜಿ ನನ್ನ ಕಥೆ ಪೂರ್ತಿ ಕೇಳಿ, "ನಿಮ್ ತಾತ ತಿನ್ನೋ ಬಾದಾಮಿ ಯಾರು ಅರೀತಿದ್ರು ಅಂದ್ಕೊಂಡಿದೀಯ?" ಅಂದ್ರು. ಒರಳಲ್ಲಿ ಅರೀಬೇಕಿತ್ತಂತೆ, ದಿನಾ, ನಸುಕಿಗೆ ಮುಂಚೆ. ಹಸು ಕರೆದ ಹಾಲು ಮೊದಲು ತಾತನಿಗೆ, ಉಳಿದ್ರೆ ಮಕ್ಕಳಿಗೆ. ದಸರಾ ಹತ್ರ ಬಂತು ಅಂದ್ರೆ ತಾತ ವಾರಗಟ್ಟಲೆ ಗರಡೀಲೇ ಮಲಗೋರು. ಪೈಲ್ವಾನ್ ಆದೋನು ಹೆಂಡತಿ ಹತ್ರ ಸುಳಿಯಬಾರದು, ಶಕ್ತಿ ಹೋಗುತ್ತೆ ಅಂತ ಉಸ್ತಾದ್ ಹೇಳೋರಂತೆ. "ಗೆದ್ದು ಬಂದ್ರೆ ಮೆರವಣಿಗೆ ಮಾಡೋರು ಕಣೋ. ನಾನು ಬಾಗಿಲಲ್ಲಿ ನಿಂತು ನೋಡೋಳು. ಅರೆದೂ ಅರೆದೂ ಈ ಭುಜ ನೋವು ಬಂತು, ಇವತ್ತಿಗೂ ಇದೆ ನೋಡು" ಅಂತ ಭುಜ ತೋರ್ಸಿದ್ರು.

ಒಂದು ಮಾತು ತಾತನ ಪರವಾಗಿ ಹೇಳ್ಬೇಕು. ಅವರ ಕಾಲದಲ್ಲಿ ಹೀಗೆಲ್ಲ ಕೇಳೋರು ಇರ್ಲಿಲ್ಲ. ನನ್ನ ಕಾಲದಲ್ಲಿ ಕೇಳೋಳು ಪಕ್ಕದಲ್ಲೇ ಇದಾಳೆ. ಉಸ್ತಾದ್ ಜಾಗದಲ್ಲಿ ಈಗ ಯೂಟ್ಯೂಬ್ ಕೋಚ್ ಬಂದಿದಾನೆ, 'ನಿನ್ನ ಗುರಿಗೆ ಅಡ್ಡ ಬರೋರನ್ನ ದೂರ ಇಡು' ಅಂತ ಹೇಳ್ಕೊಂಡು. ಅಡ್ಡ ಬರೋರು ಅಂದ್ರೆ ಯಾರು, ರಾತ್ರಿ ಚಪ್ಪಲಿ ಹಾಕ್ಕೊಂಡು ಬಾಗಿಲ ಹತ್ರ ನಿಂತವಳಾ?

ಸರಿ, ಆಮೇಲೆ ಏನಾಯ್ತು. ಜಿಮ್ ಬಿಡ್ಲಿಲ್ಲ ನಾನು. ಬಿಡು ಅಂತ ಅವಳು ಯಾವತ್ತೂ ಹೇಳಿರ್ಲಿಲ್ಲ, ಇದನ್ನ ಗಂಡಸರು ಗಮನಿಸ್ಬೇಕು. ಮೊದಲು ನೋಡಿದ್ದು, ನಿಜಕ್ಕೂ ಎಷ್ಟು ಬೇಕು ಅಂತ. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಹೇಳೋದು ವಾರಕ್ಕೆ 150ರಿಂದ 300 ನಿಮಿಷ ಸಾಧಾರಣ ವ್ಯಾಯಾಮ, ಜೋರಾಗಿ ಮಾಡೋದಾದ್ರೆ 75ರಿಂದ 150 ನಿಮಿಷ, ಜೊತೆಗೆ ಎರಡು ದಿನ ಸ್ನಾಯುಗಳಿಗೆ ಕೆಲಸ ಕೊಡೋದು. 150 ನಿಮಿಷ ಅಂದ್ರೆ ಎರಡೂವರೆ ಗಂಟೆ. ನಾನು ಹದಿನೈದು ಗಂಟೆ ಎತ್ತಿಟ್ಕೊಂಡು 'ಅಪ್ಪನ ಥರ ಆಗ್ಬಾರದು' ಅಂತಿದ್ದೆ. ಅಪ್ಪನ ಹೆದರಿಕೆಗೆ ಬೇಕಾಗಿದ್ದು ಅದ್ರಲ್ಲಿ ಸಣ್ಣ ಪಾಲು. ಉಳಿದಿದ್ದು ನನ್ನ ಖಯಾಲಿ. ಖಯಾಲಿ ಇರಬಾರದು ಅಂತಲ್ಲ, ಅದಕ್ಕೆ ಹೆಲ್ತ್ ಅಂತ ಹೆಸರಿಟ್ಟು ಮನೆಯವರ ಬಾಯಿ ಮುಚ್ಚಿಸ್ಬಾರದು.

ಈಗ ವಾರಕ್ಕೆ ಮೂರು ದಿನ ಜಿಮ್, ಒಂದು ಗಂಟೆ ಮಾಡಿ ಬರೋದು. ಹದಿನೈದು ದಿನಕ್ಕೊಮ್ಮೆ ಬೆಟ್ಟ. ಹಾಫ್ ಮ್ಯಾರಥಾನ್‌ಗೆ ಕಟ್ಟಿದ್ದ ದುಡ್ಡು ಹೋಯ್ತು. ಫೀಸ್ ಕಟ್ಟಿದೀನಿ, ಓಡಲೇಬೇಕು ಅಂತ ಎರಡು ವಾರ ಒದ್ದಾಡಿದೆ. ಇದಕ್ಕೆ ಕಾಮರ್ಸ್‌ನಲ್ಲಿ ಸಂಕ್ ಕಾಸ್ಟ್ ಅಂತಾರೆ, ಹೋದ ದುಡ್ಡು ಹೋಯ್ತು, ಅದನ್ನ ಹಿಡ್ಕೊಂಡು ಮುಂದಿನ ನಿರ್ಧಾರ ಮಾಡ್ಬೇಡ ಅಂತ. ಪರೀಕ್ಷೇಲಿ ಬರೆದು ಪೂರ್ತಿ ಮಾರ್ಕ್ಸ್ ತಗೊಂಡಿದ್ದೆ. ಜೀವನದಲ್ಲಿ ಬಿಡೋಕೆ ಕಷ್ಟ ಆಯ್ತು.

ಅವಳಿಗೆ ಡಾಕ್ಟ್ರು ಕಬ್ಬಿಣದ ಮಾತ್ರೆ ಕೊಟ್ರು. ಅದನ್ನ ಕಾಫಿ, ಟೀ ಜೊತೆ ತಗೊಂಡ್ರೆ ಕಬ್ಬಿಣ ಸರಿಯಾಗಿ ಮೈಗೆ ಹತ್ತಲ್ಲ, ನಿಂಬೆಹಣ್ಣಿನ ಥರದ್ದು ಇದ್ರೆ ಚೆನ್ನಾಗಿ ಹತ್ತುತ್ತೆ. ಮೈಸೂರಿನ ಮನೇಲಿ ಬೆಳಗಿನ ಕಾಫಿ ಮುಂದೂಡೋದು ಅಂದ್ರೆ ಸಣ್ಣ ಕ್ರಾಂತಿ. ಸ್ವಲ್ಪ ಚೇತರಿಸ್ಕೊಂಡ ಮೇಲೆ ನಿಧಾನಕ್ಕೆ ನಡೀರಿ ಅಂದ್ರು. ನಾನು ಕುಣಿದುಬಿಟ್ಟೆ. "ಇಬ್ಬರೂ ಒಟ್ಟಿಗೆ ಕುಕ್ಕರಹಳ್ಳಿ ಕೆರೆಗೆ ಹೋಗೋಣ! ನಿನಗೆ ನಾನೇ ಪ್ಲ್ಯಾನ್ ಹಾಕಿಕೊಡ್ತೀನಿ!"

"ಬೇಡ" ಅಂದ್ಲು.

ಯಾಕೆ ಅಂದೆ. "ನೀವು ಬಂದ್ರೆ ವಾಚ್ ನೋಡ್ತೀರ. ಸ್ಪೀಡ್ ಹೇಳ್ತೀರ. ಅದೊಂದು ಗಂಟೆ ನನಗೆ ಯಾರೂ ಏನೂ ಹೇಳ್ಬಾರದು." ಅವಳ ಸ್ಕೂಲಿನ ಇಬ್ಬರು ಟೀಚರ್ಸ್ ಜೊತೆ ಹೋಗ್ತಾಳೆ, ಮಂಗಳವಾರ, ಗುರುವಾರ, ಶನಿವಾರ. ನಿಜ ಹೇಳ್ಬೇಕಂದ್ರೆ ನನಗೆ ಬೇಜಾರಾಯ್ತು. ಎಲ್ಲ ಕಡೆ ಇದೇ ಸಲಹೆ ಅಲ್ವಾ, ದಂಪತಿಗಳು ಜೊತೆಗೆ ವ್ಯಾಯಾಮ ಮಾಡಿ, ಬಾಂಧವ್ಯ ಬೆಳೆಯುತ್ತೆ ಅಂತ? ನನ್ನ ಐದು ಪಾಯಿಂಟಲ್ಲೂ ಅದೇ ಮೊದಲನೇದಾಗಿತ್ತು. ಕೆಲವರಿಗೆ ಸರಿ ಹೋಗ್ಬಹುದು, ನಾನು ಬೇಡ ಅನ್ನಲ್ಲ. ನಮ್ಮನೇಲಿ ಅವಳಿಗೆ ಬೇಕಾಗಿದ್ದು ಜೊತೆಗಾರ ಅಲ್ಲ, ಹೊರಗೆ ಹೋದಾಗ ಮನೇಲಿ ಒಲೆ ಮುಂದೆ ನಿಲ್ಲೋ ಒಬ್ಬ ಮನುಷ್ಯ.

ಹಾಗಾಗಿ ಆ ಮೂರು ದಿನ ಬೆಳಿಗ್ಗೆ ಅಡುಗೆಮನೆ ನನ್ನದು. ಮೊದಲ ವಾರ ಮೂರೂ ದಿನ ಚಿತ್ರಾನ್ನ. ಎರಡನೇ ವಾರ ಅವಲಕ್ಕಿ, ಉಪ್ಪಿಟ್ಟು, ಮತ್ತೆ ಚಿತ್ರಾನ್ನ. ಅಮ್ಮನಿಗೆ ಇದು ಸುಲಭವಾಗಿ ಅರಗಲಿಲ್ಲ. ನಾನು ಐದಕ್ಕೆ ಹೊರಗೆ ಹೋದಾಗ ಬಾದಾಮಿ ಕೊಡ್ತಿದ್ದ ಅಮ್ಮ, ಸೊಸೆ ಆರಕ್ಕೆ ಶೂ ಹಾಕ್ಕೊಂಡಾಗ, "ಇಷ್ಟು ಬೆಳಿಗ್ಗೆ ಬೆಳಿಗ್ಗೆನೇ ಹೋಗ್ಬೇಕಾ? ಸಾಯಂಕಾಲ ಹೋದ್ರೆ ಆಗಲ್ವಾ?" ಅಂದ್ರು. ಅಮ್ಮ ಕೆಟ್ಟವರಲ್ಲ. ಅವರಿಗೆ ಯಾರೂ ಹೀಗೆ ಹೋಗು ಅಂತ ಹೇಳಿದವರೇ ಇರ್ಲಿಲ್ಲ. ಎದುರು ಮನೆ ಆಂಟಿ ಬೇರೆ, "ಏನು, ಮಗ ಸೌಟು ಹಿಡಿದಿದಾನಂತೆ?" ಅಂತ ನಗಾಡಿದ್ರಂತೆ. ಅಮ್ಮ ಎರಡು ದಿನ ಮಾತು ಬಿಟ್ರು. ಆ ಎರಡು ದಿನ ನಾನು ಏನಾದ್ರೂ ದೊಡ್ಡ ಭಾಷಣ ಮಾಡ್ದೆ ಅಂದ್ಕೊಂಡ್ರಾ? ಇಲ್ಲ. ಈರುಳ್ಳಿ ಹೆಚ್ಕೊಂಡು ಸುಮ್ಮನಿದ್ದೆ. ಮೂರನೇ ದಿನ ಅಮ್ಮ ಬಂದು, "ಒಗ್ಗರಣೆ ಸೀದು ಹೋಗ್ತಿದೆ, ಉರಿ ಸಣ್ಣ ಮಾಡು" ಅಂದ್ರು. ಅಲ್ಲಿಂದ ಮಾತು ಶುರುವಾಯ್ತು.

ಇಲ್ಲಿ ಒಂದು ಪಕ್ಕದ ಮಾತು. ಮೆಸೇಜ್ ಮಾಡಿದವರಲ್ಲಿ ಮೂರು ನಾಲ್ಕು ಜನ ಹೆಣ್ಮಕ್ಕಳಿದ್ರು. ಅವರ ಸಮಸ್ಯೆ ಪೂರ್ತಿ ಉಲ್ಟಾ. ಟ್ರೇನರ್ ಗಂಡಸು ಅಂತ ಗಂಡ ಜಿಮ್‌ಗೆ ಬಿಡಲ್ಲ, ಟ್ರ್ಯಾಕ್ ಪ್ಯಾಂಟ್ ಹಾಕಿದ್ರೆ ಅತ್ತೆ ಮುಖ ತಿರುಗಿಸ್ತಾರೆ ಅಂತ. ಅದಕ್ಕೆ ನಾನು ಉತ್ತರ ಹೇಳೋದು ಸರಿಯಲ್ಲ, ಅನುಭವ ಇರೋ ಒಬ್ಬರನ್ನ ಕರೆಸಿ ಇನ್ನೊಂದು ಸಂಚಿಕೆ ಮಾಡ್ತೀನಿ. ಹೆಸರು ಹಾಕ್ದೇ ಬರೆದವರಿಗೂ ಹೇಳ್ತಿದೀನಿ, ನಿಮ್ಮ ಮೆಸೇಜ್ ಓದಿದೀನಿ.

ರಾತ್ರಿಯ ರೌಂಡ್ ವಾಪಸ್ ಬಂದಿದೆ. ಮಾರನೇ ದಿನ ಜಿಮ್ ಇದ್ರೂ ಹೋಗ್ತೀವಿ. ವಾಚ್ ಬಿಚ್ಚಿಟ್ಟು ಹೋಗ್ಬೇಕು ಅನ್ನೋದು ಅವಳ ಕಂಡೀಷನ್. ನನ್ನ ನಿದ್ದೆಯ ಸ್ಕೋರ್ ಇಳಿದಿದೆ. ತೂಕ 76ಕ್ಕೆ ಬಂದು ನಿಂತಿದೆ, 72 ಆಗಬೇಕು ಅಂತಿತ್ತು, ಆಗ್ತಿಲ್ಲ. ಮುದ್ದೆ ಮತ್ತೆ ತಿಂತಿದೀನಿ, ಒಂದು. ಬೆಟ್ಟದ ಟೈಮಿಂಗ್ ಆರು ನಿಮಿಷ ಹಿಂದಕ್ಕೆ ಹೋಗಿದೆ. ಗ್ಯಾಂಗ್‌ನವರು 'ಮದುವೆ ಆದೋನು' ಅಂತ ಕಾಲೆಳೀತಾರೆ, ಅದ್ರಲ್ಲಿ ಇಬ್ಬರಿಗೂ ಮದುವೆ ಆಗಿದೆ ಅನ್ನೋದು ಬೇರೆ ವಿಷಯ.

ಎಲ್ಲ ಸರಿ ಹೋಗಿದೆ ಅಂತ ಹೇಳಿದ್ರೆ ಅವಳು ಆ ಸಾಲನ್ನೂ ತೆಗೆಸ್ತಾಳೆ. ಹೋದ ತಿಂಗಳು ರಿಟರ್ನ್ಸ್ ಗಲಾಟೇಲಿ ಹತ್ತು ದಿನ ನನಗೆ ಜಿಮ್ ತಪ್ಪಿತು. ತಪ್ಪಿದ್ರೆ ನಾನು ಸಿಡುಕ್ತೀನಿ, ಸಣ್ಣ ವಿಷಯಕ್ಕೆ ರೇಗ್ತೀನಿ. ಅದನ್ನ ಮೊದಲು ಗಮನಿಸಿದ್ದೂ ಅವಳೇ. "ರೀ, ಇವತ್ತು ಹೋಗಿ ಬನ್ನಿ ಜಿಮ್‌ಗೆ, ನಿಮ್ಮ ಜೊತೆ ಇರೋಕಾಗ್ತಿಲ್ಲ" ಅಂತ ಬ್ಯಾಗ್ ತಂದು ಕೈಗೆ ಕೊಟ್ಲು. ಅವತ್ತು ಗುರುವಾರ, ಅವಳ ಕೆರೆ ದಿನ. ಅವಳು ಹೋಗ್ಲಿಲ್ಲ. ನಾನು ಹೋಗಿ ಬಂದೆ, ಬಂದ ಮೇಲೆ ಖುಷಿಯಾಗೇ ಇದ್ದೆ. ಮಧ್ಯಾಹ್ನ ಡೈರಿ ತೆಗೆದಾಗ ನೆನಪಾಯ್ತು, ಒಂದು ಗಂಟೆ ಸಾಲ ತಗೊಂಡಿದೀನಿ ಅಂತ. ಭಾನುವಾರ ತೀರಿಸ್ದೆ. ಬೆಟ್ಟಕ್ಕೆ ಹೋಗ್ಲಿಲ್ಲ, ಅವಳು ಕೆರೆಗೆ ಹೋಗಿ ಎರಡು ಗಂಟೆ ಬಿಟ್ಟು ಬಂದ್ಲು. ಬರ್ತಾ ಹೊರಗೇ ದೋಸೆ ತಿಂದು ಬಂದಿದ್ಲು. ನಾನು ಮಾಡಿಟ್ಟಿದ್ದ ಉಪ್ಪಿಟ್ಟು ನಾನು, ಅಮ್ಮ ಇಬ್ಬರೇ ತಿಂದ್ವಿ.

ಹಿಮೋಗ್ಲೋಬಿನ್ ಮೂರು ತಿಂಗಳಿಗೆ 10.9 ಆಯ್ತು. ಹೋದ ತಿಂಗಳು 11.6. ಇನ್ನೂ 12 ಮುಟ್ಟಿಲ್ಲ. ಚಾಮುಂಡಿ ಬೆಟ್ಟಕ್ಕೆ ಮತ್ತೆ ಕರೆದಿಲ್ಲ ನಾನು. ಅವಳೇ ಒಂದು ದಿನ, "12 ಆಗ್ಲಿ, ಹತ್ತೋಣ. ಆದ್ರೆ ನೀವು ನನ್ನ ಹಿಂದೆ ಬರ್ಬೇಕು, ಮುಂದೆ ಅಲ್ಲ" ಅಂದಿದಾಳೆ.

ಮೊದಲು ಓದಿದ ಮೆಸೇಜ್ ಕಳಿಸಿದ ಬ್ರೋಗೆ: ಟಿಪ್ಸ್ ಸಿಗ್ಲಿಲ್ಲ ಅಂತ ಬೇಜಾರಾಗಿದ್ರೆ ಕ್ಷಮಿಸಿ. ಒಂದು ವಾರ ಡೈರಿ ಬರೀರಿ, ನಿಮ್ಮದೂ, ಅವರದ್ದೂ. ಬರೆದದ್ದನ್ನ ನನಗೆ ಕಳಿಸೋದು ಬೇಡ, ಅವರಿಗೆ ತೋರಿಸಿ.

ಈಗ ರಾತ್ರಿ ಒಂಬತ್ತಾಯ್ತು. ನಾಳೆ ಮಂಗಳವಾರ, ಅಡುಗೆಮನೆ ನನ್ನದು, ಇಡ್ಲಿ ಟ್ರೈ ಮಾಡೋಣ ಅಂತ ಹಿಟ್ಟು ರುಬ್ಬಿಟ್ಟಿದೀನಿ, ಉಬ್ಬುತ್ತೋ ಇಲ್ವೋ ಗೊತ್ತಿಲ್ಲ. ಬಾಗಿಲ ಹತ್ರ ಚಪ್ಪಲಿ ಸದ್ದು ಕೇಳ್ತಿದೆ. ಮುಂದಿನ ವಾರ ಸಿಗೋಣ, ನಮಸ್ಕಾರ.